ನಾನು ಕೆಡಿಸಿದ ಸೊನ್ನೆ

ಶಹಾಪುರ ದಾಟಿ ಸುರಪುರದ ಕಡೆಗೆ ಬಸ್ಸು ಹೊರಳಿತೆಂದರೆ ಕಿಟಕಿಯಿಂದ ಒಂದು ವಾಸನೆ ಬರುತ್ತದೆ. ನಿಂತ ನೀರು, ಎಳೆಯ ಭತ್ತ, ಹಸಿ ಕೆಸರು ಬೆರೆತದ್ದು. ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಯಾದಗಿರಿಯಿಂದ ಹೊರಟಿದ್ದ ನನ್ನ ಮೂಗಿಗೆ ಅದು ಬಡಿದದ್ದೇ ತಡ, ಕೈಯಲ್ಲಿದ್ದ ಪುಸ್ತಕ ಮಡಿಚಿಟ್ಟೆ. ನಾನು ಚಿಕ್ಕವಳಿದ್ದಾಗ ಈ ವಾಸನೆ ನಮ್ಮ ಸೀಮೆಯಲ್ಲಿ ಇರಲೇ ಇಲ್ಲ, ನೋಡಿ. ಆಗ ಇಲ್ಲಿ ಜೋಳ, ತೊಗರಿ, ಬಿಸಿಲು ಅಷ್ಟೇ. ಕಾಲುವೆ ಬಂದ ಮೇಲೆ ಭತ್ತ ಬಂತು. ಭತ್ತ ಬೆಳೆಯಬಲ್ಲ ಆಂಧ್ರದ ಮಂದಿ ಬಂದರು. ಹೊಲ ಕೊಂಡು, ಊರಾಚೆ ಕಾಲುವೆಯ ಬದಿಗೆ ಗುಂಪಾಗಿ ಮನೆ ಕಟ್ಟಿಕೊಂಡರು. ಆ ಗುಂಪಿಗೆ ಕ್ಯಾಂಪು ಎಂದು ಹೆಸರಾಯಿತು.

ನಾನಾಗ ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಸಿದ್ಧಾಂತದ ತರಗತಿಯೆಂದರೆ ಪ್ರಾಣ. ಮನುಷ್ಯರು ಯಾಕೆ ಕೂಡಿ ಬಾಳುತ್ತಾರೆ, ಯಾಕೆ ಬೇರೆಯಾಗುತ್ತಾರೆ ಎಂದು ದೂರದೇಶದಲ್ಲಿ ಯಾರೋ ಕೂತು ಯೋಚಿಸಿದ್ದನ್ನು ಓದುತ್ತ, ಹಾಸ್ಟೆಲಿನ ಮೆಟ್ಟಿಲ ಮೇಲೆ ಊಟವನ್ನೇ ಮರೆಯುತ್ತಿದ್ದೆ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಾತ್ರ ಕಿಟಕಿಯಾಚೆಯ ಬೇವಿನ ಗಿಡ ಬಹಳ ಚೆನ್ನಾಗಿ ಕಾಣುತ್ತಿತ್ತು. ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಒಂದೇ ಮನೆಯ ಅಣ್ಣತಮ್ಮಂದಿರಂತಿದ್ದು, ಯಾರು ಯಾರೆಂಬುದು ನನಗೆ ಕೊನೆತನಕ ಗುರುತು ಹತ್ತಲಿಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮೂರು ಸಗರದ ಹತ್ತಿರದ ಕ್ಯಾಂಪನ್ನೇ ಆರಿಸಿಕೊಂಡೆ. ಹೊರಗಿನಿಂದ ಬಂದು ನೆಲೆಸಿದವರ ಬಗೆಗಿನ ಒಂದು ಸಿದ್ಧಾಂತ ಆಗ ತಲೆಗೇರಿತ್ತು. ಹೋದವಳು ಮಾಣಿಕ್ಯಮ್ಮ ಎಂಬಾಕೆಯ ಅಂಗಳದಲ್ಲಿ ಕೂತುಬಿಟ್ಟೆ. ಅವಳದು ಕರಾವಳಿಯ ತೆಲುಗು, ನನ್ನದು ಸಂತೆಯಲ್ಲಿ ಕಲಿತ ಹರಕು ತೆಲುಗು. ಮಜ್ಜಿಗೆ ಕೊಟ್ಟು, ಹೊರಸಿನ ಮೇಲೆ ಕೂಡಿಸಿ, ತನ್ನೂರಿನ ನದಿ, ದೋಣಿ, ತೆಂಗಿನ ಸಾಲು ಎಲ್ಲ ಹೇಳುತ್ತಿದ್ದಳು. ಎದುರಿಗೆ ಕಾಲುವೆ ಸದ್ದಿಲ್ಲದೆ ಹರಿಯುತ್ತಿತ್ತು. ಅವಳ ಮಾತು ಅರ್ಧ ತಿಳಿದು ಅರ್ಧ ತಿಳಿಯದೆ, ಆ ನೀರಿನ ಮೇಲೇ ಅವಳ ದೋಣಿ ಬಂದಂತಾಗಿ ನನಗೆ ಜೊಂಪು ಹತ್ತುತ್ತಿತ್ತು. ದಿನಗಳು ಹೀಗೇ ಕಳೆದವು. ಕಂಡದ್ದನ್ನೆಲ್ಲ ಬರೆದು, ನನ್ನ ಪ್ರಬಂಧ ನೋಡಬೇಕಿದ್ದ ಸಂಖ್ಯಾಶಾಸ್ತ್ರದ ಸರ್ ಮುಂದೆ ಇಟ್ಟೆ.

"ಬಾಳ ಚಂದ ಬರದೀಯವ್ವಾ," ಎಂದರು. ನಾನು ಉಬ್ಬಿದೆ. "ಆದರ ಇದು ಒಂದ ಮನಿ ಕತಿ. ಉಳದ ಮನ್ಯಾನವರು ಏನು ತಪ್ಪು ಮಾಡ್ಯಾರ? ಹೋಗು, ಎಲ್ಲಾರ ಮನಿಗಿ ಹೋಗಿ ಒಂದ ನಮೂನಿ ಪ್ರಶ್ನಿ ಕೇಳ್ಕೊಂಡು ಬಾ. ಇಲ್ಲಂದ್ರ ನಾ ಸಹಿ ಹಾಕಂಗಿಲ್ಲ."

ಸಹಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ಮುಖ ಊದಿಸಿಕೊಂಡೇ ತಿರುಗಿ ಬಂದೆ. ಯಾವಾಗ ಬಂದಿರಿ, ಮನೆಯಲ್ಲಿ ಎಷ್ಟು ಜನ ಎಂದೆಲ್ಲ ಹೆಂಗಸರನ್ನು ಕೇಳುತ್ತ ಮನೆಯಿಂದ ಮನೆಗೆ ಹೋದೆ. ಕೊನೆಯದು ಸರ್ ತಾವೇ ಸೇರಿಸಿದ ಪ್ರಶ್ನೆ: ಸಗರದಲ್ಲಿ ಎಷ್ಟು ಮನೆಗಳ ಒಳಗೆ ಹೋಗಿದ್ದೀರಿ? ಮೊದಲ ಮನೆಯವಳು ನಕ್ಕು ತಲೆಯಾಡಿಸಿದಳು. ಸೊನ್ನೆ ಬರೆದೆ. ಅಂಗಡಿಗೆ ಹೋಗಿದ್ದೇನೆ, ಗಿರಣಿಗೆ ಹೋಗಿದ್ದೇನೆ, ಮನೆಯೊಳಗೆ ಇಲ್ಲ ಎಂದಳು ಮುಂದಿನವಳು. ಸೊನ್ನೆ. ಸಾಲು ಮುಗಿಯುವವರೆಗೂ ಅದೇ. ಮಾಣಿಕ್ಯಮ್ಮನದೂ ಸೊನ್ನೆ! ಅವಳ ನದಿಯ ಕತೆಯನ್ನೆಲ್ಲ ಕೇಳಿದ್ದ ನಾನು ಇದೊಂದನ್ನು ಕೇಳಿರಲಿಲ್ಲ. ಕಾಲುವೆಯ ದಂಡೆಗೆ ಕೂತು ಆ ಹಾಳೆ ನೋಡುತ್ತಿದ್ದಂತೆ ಕಣ್ಣು ತುಂಬಿಬಂತು. ಅಂಕಿ ನೋಡಿ ಅತ್ತದ್ದು ಅದೇ ಮೊದಲು, ಪರೀಕ್ಷೆಯ ಫಲಿತಾಂಶ ಬಿಟ್ಟರೆ.

ಎದ್ದು ಮಾಣಿಕ್ಯಮ್ಮನ ಹತ್ತಿರ ಹೋಗಿ, "ನಡೀರಿ, ನಮ್ಮ ಮನಿಗಿ ಹೋಗಮು," ಎಂದೆ.

"ಇಪ್ಪುಡಾ?" ಈಗಲೇ ಎಂದು ಗಾಬರಿಯಾದಳು. ಆಮೇಲೆ ಒಳಗೆ ಹೋಗಿ, ಪೆಟ್ಟಿಗೆಯ ಸೀರೆ ಉಟ್ಟು ಹೊರಬಂದಳು.

ನಮ್ಮವ್ವ ರೊಟ್ಟಿ ಬಡಿಯುತ್ತಿದ್ದಳು. ಬಂದವಳನ್ನು ಮೇಲಿಂದ ಕೆಳಗೆ ನೋಡಿ, ಕೈ ನಿಲ್ಲಿಸದೆ ಅಂದಳು: "ಕ್ಯಾಂಪಿನಾಕಿ ಏನು? ನಿಮ್ಮ ಗದ್ದಿ ನೀರು ಬಸದು ಬಸದು ನಮ್ಮ ತೊಗರಿ ಕೊಳತದ. ಹೇಳು ಆಕಿಗಿ."

ನನಗೆ ಬೇರೇನಾದರೂ ಹೇಳಿ ಹಾರಿಸಿಬಿಡಲೇ ಎನ್ನಿಸಿತು. ಆದರೂ ಇದ್ದದ್ದನ್ನು ಇದ್ದಂತೆ ತೆಲುಗಿನಲ್ಲಿ ಹೇಳಿದೆ. ಮಾಣಿಕ್ಯಮ್ಮನ ಮುಖ ಬಾಡಿತು. "ಎವರೂ ಚೆಪ್ಪಲೇದು," ಎಂದಳು ಮೆಲ್ಲಗೆ.

"ಏನಂತಾಳ?"

"ಯಾರೂ ಹೇಳಿಲ್ಲಂತ, ಅವ್ವಾ."

ಅವ್ವನ ಕೈ ನಿಂತಿತು. "ಹೌದು, ಯಾರು ಹೇಳ್ಯಾರ," ಎಂದು ತನಗೇ ಅಂದುಕೊಂಡು, ತಾಟು ಮುಂದೆ ಸರಿಸಿದಳು. "ಕೂಡ್ರಂತ ಹೇಳು. ರೊಟ್ಟಿ ಬಿಸಿ ಅದಾವ."

ಅದೇ ವಾರ ಮಾಣಿಕ್ಯಮ್ಮನ ಗಂಡ ಆಳು ಕರೆದುಕೊಂಡು ಬಂದು ತಮ್ಮ ಗದ್ದೆಗೂ ನಮ್ಮ ತೊಗರಿ ಹೊಲಕ್ಕೂ ನಡುವೆ ನೀರು ಬಸಿದುಹೋಗಲು ಬಸಿಗಾಲುವೆ ತೋಡಿಸಿದ. ನಾನು ಅವಳ ಸೊನ್ನೆ ಹೊಡೆದುಹಾಕಿ ಒಂದು ಎಂದು ತಿದ್ದಿ ಸರ್‌ಗೆ ಕೊಟ್ಟೆ.

ನಡೆದದ್ದನ್ನು ಕೇಳಿ ಅವರು ಕನ್ನಡಕ ತೆಗೆದರು. "ಹಿಂಗ ಮಾಡಬಾರದವ್ವಾ. ಲೆಕ್ಕಾ ತರಲಾಕ ಹೋದಾಕಿ ಲೆಕ್ಕಾನೇ ಕೆಡಿಸಿ ಬಂದೀ." ತಿರುಗಿ ಸೊನ್ನೆ ಬರೆಸಿದರು. ಸಹಿ ಹಾಕುತ್ತ ತಲೆಯೆತ್ತದೆ ಕೇಳಿದರು, "ಆಕಿ ರೊಟ್ಟಿ ತಿಂದಳೇನು?"

ಪಾಸಾದೆ, ಯಾದಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಗರಕ್ಕೆ ಹೋಗುವುದು ಹಬ್ಬಕ್ಕೆ ಮಾತ್ರ ಎಂಬಂತಾಯಿತು. ಮೊನ್ನೆ ಆ ವಾಸನೆಗೆ ಮನಸ್ಸು ತಡೆಯದೆ ಕ್ಯಾಂಪಿನ ಹತ್ತಿರ ಇಳಿದುಬಿಟ್ಟೆ. ಮಾಣಿಕ್ಯಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ಹುಬ್ಬಿಗೆ ಕೈಯಿಟ್ಟು ನೋಡಿ, "ಯಾರ ಅದು? ಈಗ ನೆಪ್ಪಾತೇನು ನಿನಗ?" ಎಂದಳು, ನಮ್ಮೂರಿನ ಗಡುಸು ಕನ್ನಡದಲ್ಲೇ. "ನಿಮ್ಮವ್ವ ಈಗರ ಎದ್ದು ಹೋದಳು."

"ಅವ್ವ ಇಲ್ಲಿಗಿ ಬರ್ತಾಳ?"

"ದಿನಾ ಬರ್ತಾಳ. ನಿನಗ ಹೇಳಿಲ್ಲೇನು?"

"ಇಲ್ಲ."

"ನೀ ಕೇಳಿಲ್ಲಂದ್ರ ಆಕಿ ಯಾಕ ಹೇಳ್ತಾಳ?"

ಅವಳ ಪಕ್ಕದಲ್ಲಿ ಕೂತೆ. ಪರೀಕ್ಷೆ ಇದ್ದದ್ದು ಮರುದಿನ. ಸುರಪುರಕ್ಕೆ ಸಂಜೆಗೂ ಬಸ್ಸಿದೆ. "ದಿನಾ ಕೂತು ಇಬ್ಬರೂ ಏನು ಮಾತಾಡ್ತೀರಿ?" ಎಂದು ಕೇಳಿದೆ.