ಸೇತುವೆ ಬಿದ್ದ ದಿನ ಹುಟ್ಟಿದವಳು

ಹಲ್ಲಕ್ಕನ ಹುಟ್ಟುಹಬ್ಬದ ದಿನ ಊರಿಗೆ ಊರೇ ಅಳುತ್ತಿತ್ತು. ಅವಳು ಹುಟ್ಟಿದ ಬೆಳಗ್ಗೆಯೇ ಊರಿನ ಹಳೆಯ ಸೇತುವೆ ಕುಸಿದು, ಅದರ ಮೇಲಿದ್ದ ಬಸ್ಸು, ಸೈಕಲ್ಲು, ತರಕಾರಿ ಗಾಡಿ, ನಡೆದು ಹೋಗುತ್ತಿದ್ದ ಜನ ಎಲ್ಲವೂ ಹೊಳೆಯ ಪಾಲಾಗಿದ್ದವು. ಸತ್ತವರಲ್ಲಿ ಅವಳ ಅಪ್ಪನೂ ಒಬ್ಬ. ಅಂಗಡಿಗಳ ಬೋರ್ಡು ಬರೆಯುವುದು ಅವನ ಕೆಲಸ. ಹೆರಿಗೆ ಆಸ್ಪತ್ರೆ ಇದ್ದದ್ದು ಹೊಳೆಯಾಚೆ. ಹೆಣ್ಣು ಮಗು ಹುಟ್ಟಿದೆ ಅಂತ ಸುದ್ದಿ ಕೇಳಿದ್ದೇ ತಡ, ಕೈಯಲ್ಲಿದ್ದ ಕುಂಚ ಎಸೆದು, ಮಗಳ ಮುಖ ನೋಡಲು ಓಡಿದ, ನೋಡದೆಯೇ ಹೋದ ಎಂಬುದು ಊರಿನ ಮಕ್ಕಳಿಗೂ ಬಾಯಿಪಾಠವಾಗಿದ್ದ ಕಥೆ.

ಆ ದಿನ ಬಂತೆಂದರೆ ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಮುಂದೆ ಕರೆದು ನಿಲ್ಲಿಸುತ್ತಿದ್ದರು. "ಇವಳೇ ಆ ಮಗು" ಎನ್ನುತ್ತಿದ್ದರು. ಮೇಷ್ಟ್ರಿಗೆ ಅದು ಕನಿಕರ. ಮಕ್ಕಳು ಮಾತ್ರ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು, ಸೇತುವೆಯನ್ನು ಅವಳೇ ಒದ್ದು ಬೀಳಿಸಿದಳೇನೋ ಎಂಬಂತೆ. ಮನೆಯಲ್ಲಿ ಅಜ್ಜಿ, ಅಂದರೆ ಅಪ್ಪನ ಅಮ್ಮ, ಅಷ್ಟು ಕನಿಕರವನ್ನೂ ತೋರಿಸುತ್ತಿರಲಿಲ್ಲ.

"ಹುಟ್ಟೋಕೆ ಇನ್ನೊಂದು ದಿನ ಸಿಗ್ಲಿಲ್ವೇನೇ ನಿಂಗೆ? ನಿನ್ನ ಮುಖ ನೋಡೋಕೆ ಓಡಿ ನನ್ನ ಮಗ ಮಣ್ಣಾದ."

ಅಜ್ಜಿ ಹೀಗೆ ಅಂದಾಗೆಲ್ಲ ಅಮ್ಮ ಒಲೆಯ ಕಡೆ ತಿರುಗಿಕೊಂಡು ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಳು. ಅಮ್ಮನಿಗೆ ದುಃಖ, ಪಾಪ, ಮಾತಾಡಲು ಆಗುವುದಿಲ್ಲ ಅಂತ ಹುಡುಗಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಜ್ಜಿ ಸಾಯುವವರೆಗೂ ಆ ಮಾತು ನಿಲ್ಲಲಿಲ್ಲ. ಒಮ್ಮೆ ಗಂಡಿನ ಕಡೆಯವರು ಬಂದು ಹುಡುಗಿಯನ್ನು ಒಪ್ಪಿ, ಹುಟ್ಟಿದ ದಿನ ಕೇಳಿದ ಮೇಲೆ ತಿಂಡಿ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರು. ಆಮೇಲೆ ಅವಳು ಮದುವೆಯ ಮಾತನ್ನೇ ಎತ್ತಗೊಡಲಿಲ್ಲ.

ಹಲ್ಲಿನ ಡಾಕ್ಟರ ಶಾಪಿಗೆ ಕಸ ಗುಡಿಸಲು ಸೇರಿದವಳು ಹಿಂದಿನ ಕೋಣೆಯ ಕೆಲಸ ಕಲಿತಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ, ಅದಕ್ಕೆ ಪ್ಲಾಸ್ಟರು ಸುರಿದು ದವಡೆ ಮಾಡುವುದು, ಮೇಣದಲ್ಲಿ ಒಸಡು ಕಟ್ಟುವುದು, ಒಂದೊಂದೇ ಹಲ್ಲು ಕೂರಿಸುವುದು, ಕೊನೆಗೆ ಉಜ್ಜಿ ಉಜ್ಜಿ ಹೊಳಪು ಕೊಡುವುದು. ಕೋಣೆಯ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಊರಿನವರ ದವಡೆಗಳು. "ಯಾರ್ಯಾರು ಹಲ್ಲು ಕಿರೀತಾರೆ ಅಂತ ನನ್ನ ಕೇಳಿ" ಎಂದು ನಗಿಸುತ್ತಿದ್ದಳು. ಹೀಗೆ ಅವಳು ಎಲ್ಲರ ಹಲ್ಲಕ್ಕನಾದಳು. ಕಟ್ಟು ಹಲ್ಲಿನ ಸೆಟ್ಟು ಹಾಕಿದ ಮೇಲೆ ಅವಳದೊಂದು ಪರೀಕ್ಷೆ ಇತ್ತು. ಕೈಗೆ ಅಂದಿನ ಪೇಪರು ಕೊಟ್ಟು ಜೋರಾಗಿ ಓದಿಸುವುದು. ಮುಂದಿನ ಹಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ 'ಸ' ಅಕ್ಷರ ಸೀಟಿ ಹೊಡೆಯುತ್ತದೆ ಎನ್ನುತ್ತಿದ್ದಳು.

ಅವಳಿಗೆ ನಲವತ್ತು ದಾಟಿದ ವರ್ಷ. ಸೇತುವೆ ದಿನ. ಡಾಕ್ಟರು ಎಲ್ಲರಂತೆ, ಸತ್ತವರನ್ನು ನೆನೆಯಲು ಪ್ರತಿ ವರ್ಷ ನಡೆಯುವ ಹೊಳೆದಂಡೆಯ ಸಭೆಗೆ ಹೋಗಿದ್ದರು. ಹಲ್ಲಕ್ಕ ಮಾತ್ರ ಎಂದಿನಂತೆ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತಿದ್ದಳು. ಸಭೆಗೆ ಹೋದರೆ ಜನ ಅವಳ ಮುಖ ನೋಡಿ ಇನ್ನಷ್ಟು ಅಳುತ್ತಾರೆ. ಆಗ ಒಬ್ಬ ಮುದುಕ ಬಾಗಿಲು ತಟ್ಟಿದ. ಮಗಳ ಮನೆಯಲ್ಲಿರಲು ಈಚೆಗಷ್ಟೇ ಊರಿಗೆ ಬಂದವನು. ಅವನ ದವಡೆ ಒಂದು ಕಡೆ ಸೊಟ್ಟ. ಅಚ್ಚು ಮೂರು ಸಲ ತೆಗೆದರೂ ಸರಿಯಾಗದೆ ಅವಳನ್ನು ಬಹಳ ಕಾಡಿದ್ದ ಬಾಯಿ ಅದು. ಸೆಟ್ಟು ಸಿದ್ಧವಾಗಿತ್ತು. ಡಾಕ್ಟರು ನಾಳೆ ನೋಡುತ್ತಾರೆ, ಈಗ ಸುಮ್ಮನೆ ಹಾಕಿ ನೋಡೋಣ ಎಂದು ಅವಳೇ ಕೂರಿಸಿದಳು. ಕೈಗೆ ಪೇಪರು ಕೊಟ್ಟಳು.

ಮುದುಕ ಕನ್ನಡಕ ಏರಿಸಿಕೊಂಡು 'ಇತಿಹಾಸದಲ್ಲಿ ಈ ದಿನ' ಎಂಬ ಅಂಕಣ ಹಿಡಿದ. ಅದರಲ್ಲಿ ಯಾವುದೋ ದೇಶದ ರಾಣಿ ಪಟ್ಟಕ್ಕೆ ಬಂದಿದ್ದಳು, ಎಲ್ಲೋ ಯುದ್ಧ ನಿಂತಿತ್ತು, ಒಬ್ಬ ಹಾಡುಗಾರ, ಒಬ್ಬ ಗಣಿತಜ್ಞ ಹುಟ್ಟಿದ್ದರು. ಹಲ್ಲಕ್ಕ ಅರ್ಥದ ಕಡೆ ಗಮನ ಕೊಡದೆ ಬರೀ 'ಸ'ಗಳನ್ನು ಆಲಿಸುತ್ತಿದ್ದಳು. ಕೊನೆಯ ಸಾಲುಗಳು ಅವಳಿಗೆ ಓದದೆಯೂ ಗೊತ್ತಿದ್ದವು. ಪ್ರತಿ ವರ್ಷ ಅಲ್ಲಿ ಅವೇ ಇರುತ್ತಿದ್ದವು.

"ನಮ್ಮೂರ ಸೇತುವೆ ಕುಸಿದು ಅಪಾರ ಸಾವುನೋವು. ಆಗಷ್ಟೇ ಹುಟ್ಟಿದ ಮಗಳ ಮುಖ ನೋಡಲು ಆಸ್ಪತ್ರೆಗೆ ಓಡುತ್ತಿದ್ದ ಬೋರ್ಡ್ ಕಲಾವಿದರೊಬ್ಬರು ನೋಡದೆಯೇ..."

'ಸೇತುವೆ' ಎಂಬ ಪದ ಅವನ ಬಾಯಿಂದ ಗಾಜಿನಷ್ಟು ಸ್ವಚ್ಛವಾಗಿ ಬಂತು. ಸೆಟ್ಟು ಸರಿಹೋಯಿತು ಎಂದು ಅವಳು ಒಳಗೊಳಗೇ ಖುಷಿಪಡುವಷ್ಟರಲ್ಲಿ ಮುದುಕ ಪೇಪರು ಕೆಳಗಿಟ್ಟ.

"ಇದು ಸುಳ್ಳು" ಎಂದ.

"ಯಾವುದು ತಾತ?"

"ಇದೇ, ಬೋರ್ಡ್ ಬರಿಯೋನ ವಿಷಯ. ಆ ಮನುಷ್ಯ ನನ್ನ ಬಸ್ಸಲ್ಲಿದ್ದ ಕಣಮ್ಮ. ನಾನೇ ಆ ಬಸ್ಸಿನ ಕಂಡಕ್ಟರು. ಈ ದವಡೆ ಮುರಿದಿದ್ದು ಅವತ್ತೇ. ನಮ್ಮ ಬಸ್ಸು ಆಸ್ಪತ್ರೆ ಕಡೆಯಿಂದ ಊರಿಗೆ ಬರ್ತಿತ್ತು. ಅವನು ಹೋಗ್ತಿರ್ಲಿಲ್ಲ, ವಾಪಸ್ ಬರ್ತಿದ್ದ."

ಹಲ್ಲಕ್ಕನ ಕೈಯಲ್ಲಿ ಉಜ್ಜುವ ಬಟ್ಟೆ ಇತ್ತು. ಅವಳು ಅದನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ಬೇರೆ ಯಾರೋ ಇರ್ಬೇಕು" ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು.

"ಉಗುರಲ್ಲೆಲ್ಲ ಬಣ್ಣ. ಸೀಟು ಖಾಲಿ ಇದ್ರೂ ಕೂರ್ಲಿಲ್ಲ. ಬಾಗಿಲ ಹತ್ರ ನನ್ನ ಪಕ್ಕ ನಿಂತ್ಕೊಂಡು ಒಂದೇ ಸಮ ಮಾತು. 'ಕಂಡಕ್ಟ್ರೇ, ಮಗಳು ಹುಟ್ಟಿದಾಳೆ. ನನ್ನ ಬೆರಳು ಹಿಡ್ಕೊಂಡು ಬಿಡ್ಲೇ ಇಲ್ಲ, ಕೈ ಎಲ್ಲಾ ಸೀಮೆಎಣ್ಣೆ ನಾತ, ಆದ್ರೂ ಬಿಡ್ಲಿಲ್ಲ' ಅಂತ. ಎಲ್ರಿಗೂ ಪೆಪ್ಪರ್‌ಮಿಂಟ್ ಕೊಟ್ಟ. ನಾನು ನನ್ನದನ್ನ ಬಾಯಿಗೆ ಹಾಕ್ಕೊಂಡೆ. ಅಷ್ಟೇ ನೋಡು, ಕಾಲಡಿ ನೆಲಾನೇ ಇರ್ಲಿಲ್ಲ."

ಅವಳ ಬೆರಳುಗಳು ಎದುರಿಗಿದ್ದ ಪ್ಲಾಸ್ಟರ್ ದವಡೆಯ ಮೇಲೆ ತಾವಾಗಿಯೇ ಓಡಾಡುತ್ತಿದ್ದವು. ಕೇಳಿದಳು, "ಮಗಳನ್ನ ಬಿಟ್ಟು ಊರಿಗೆ ಯಾಕೆ ಬರ್ತಿದ್ರು?"

"ಹೆಂಡ್ತಿ ದಿಂಬು ತರೋಕೆ ಕಳಿಸಿದ್ಳಂತೆ. ಆಸ್ಪತ್ರೆ ದಿಂಬು ಕಲ್ಲಿನ ಹಾಗಿದೆ, ಮನೇದೇ ಬೇಕು ಅಂದ್ಳಂತೆ. 'ರಾಣಿಯವರ ಅಪ್ಪಣೆ' ಅಂದ್ಕೊಂಡು ಬರ್ತಿದ್ದ."

"ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಾ ತಾತ?"

"ನನ್ನ ಬಾಯಿಗೆ ತಂತಿ ಹಾಕಿ ಬೇರೆ ಊರಿನ ಆಸ್ಪತ್ರೇಲಿ ಮಲಗಿಸಿದ್ರು. ಆ ಊರಿಗೇ ವರ್ಗ ಆಯ್ತು. ಈ ಕಡೆ ತಲೆ ಹಾಕೋಕೆ ಧೈರ್ಯ ಬರ್ಲಿಲ್ಲ. ಪೇಪರಲ್ಲಿ ಹೀಗೆ ಹಾಕ್ತಾರೆ ಅಂತ ಇವತ್ತೇ ಗೊತ್ತಾಗಿದ್ದು." ಆಮೇಲೆ ಅವಳ ಮುಖ ನೋಡಿ ಗಾಬರಿಯಾದ. "ಏನಮ್ಮ, ಹುಷಾರಿಲ್ವಾ?"

"ಆ ಮಗು ನಾನೇ ತಾತ."

ಮುದುಕ ಎದ್ದು ನಿಂತ. ಮತ್ತೆ ಕೂತ. ಹೊಸ ಹಲ್ಲುಗಳು ಬಾಯಲ್ಲಿ ಕಟಕಟನೆ ಕುಟ್ಟಿಕೊಂಡವು.

ಅವಳು ಶಾಪಿಗೆ ಬೀಗ ಹಾಕಿದಳೋ ಇಲ್ಲವೋ ಅವಳಿಗೆ ನೆನಪಿಲ್ಲ. ದಾರಿಯಲ್ಲಿ ಔಷಧಿ ಅಂಗಡಿಯವರು ಮಾತಾಡಿಸಿದರಂತೆ, ಅದೂ ನೆನಪಿಲ್ಲ. ಮನೆಯ ಬಾಗಿಲು ತಳ್ಳಿದಾಗ ಅಮ್ಮ ಮಂಚದ ಮೇಲೆ ಮಲಗಿದ್ದಳು. ತಲೆಯ ಕೆಳಗೆ ಮಡಿಸಿದ ಕೈ. ಅಮ್ಮ ಮಲಗುತ್ತಿದ್ದುದೇ ಹಾಗೆ. ಹಲ್ಲಕ್ಕನಿಗೆ ತಿಳಿವಳಿಕೆ ಬಂದಾಗಿನಿಂದ ಆ ಮನೆಯಲ್ಲಿ ಅಮ್ಮನಿಗೆಂದು ದಿಂಬು ಇರಲಿಲ್ಲ. ಕುತ್ತಿಗೆ ನೋವು ಅಂತ ಹೇಳುತ್ತಿದ್ದಳು, ಮಗಳು ನಂಬಿದ್ದಳು. ಈಗ ಅದನ್ನು ಕಂಡ ಹಲ್ಲಕ್ಕ ಬಾಗಿಲಲ್ಲೇ ನಿಂತಳು. ಮುದುಕ ಹೇಳಿದ್ದು ನಿಜ. ಇನ್ನು ಕೇಳುವುದೇ ಬೇಕಿರಲಿಲ್ಲ. ಆದರೂ ಕೇಳಿದಳು.

"ಅಪ್ಪ ನನ್ನ ನೋಡಿದ್ರಾ?"

ಅಮ್ಮ ಎದ್ದು ಕೂತಳು. "ಏನೇ ಇದು, ಹೊತ್ತಲ್ಲದ ಹೊತ್ತಲ್ಲಿ?"

"ನೋಡಿದ್ರಾ ಇಲ್ವಾ, ಅಷ್ಟು ಹೇಳು."

"ಯಾರು ಹೇಳಿದ್ರು ನಿಂಗೆ?"

"ಬಸ್ಸಿನ ಕಂಡಕ್ಟರು. ಬದುಕಿದಾರೆ."

ಅಮ್ಮನ ಕೈ ಸೆರಗಿನ ತುದಿಯನ್ನು ಹುಡುಕಿತು, ಸಿಕ್ಕಲಿಲ್ಲ. ಗೋಡೆ ನೋಡಿಕೊಂಡು ಹೇಳಿದಳು: "ಎತ್ಕೊಂಡಿದ್ರು. ಸುಮಾರು ಹೊತ್ತು ಎತ್ಕೊಂಡೇ ಇದ್ರು. ನರ್ಸು ಬೈದ ಮೇಲೇ ಕೆಳಗಿಟ್ಟಿದ್ದು."

ಹಲ್ಲಕ್ಕ ನೆಲದ ಮೇಲೆ ಕೂತಳು. ಅವಳಿಗೆ ಅಳು ಬರಲಿಲ್ಲ.

"ನಂಗೆ ಎಚ್ಚರ ಆಗೋ ಹೊತ್ತಿಗೆ ನಿಮ್ಮಜ್ಜಿ ಎದೆ ಬಡ್ಕೊಂಡು, 'ಮಗೂ ಮುಖ ನೋಡೋಕೆ ಓಡಿದ್ನಲ್ಲಪ್ಪಾ' ಅಂತಿದ್ರು" ಎಂದಳು ಅಮ್ಮ. "ಅವರು ಹೊಳೆಯಾಚೆ ನಮ್ಮ ಹೊಲದಿಂದ ನೇರ ಆಸ್ಪತ್ರೆಗೇ ಬಂದಿದ್ರು, ಬೆಳಗ್ಗೆ ನಡೆದಿದ್ದು ಗೊತ್ತಿರ್ಲಿಲ್ಲ. ಪೇಪರಿನವರು ಅಲ್ಲೇ ನಿಂತು ಬರ್ಕೊಂಡ್ರು. ನಾನು ಕಳಿಸಿದ್ದು ಅಂತ ಹೇಗೆ ಹೇಳ್ಲಿ? ಒಂದು ದಿಂಬಿಗೋಸ್ಕರ ಅಂತ? ಜೀವಸಹಿತ ಹುಗಿದ್ಬಿಡ್ತಿದ್ರು ನನ್ನ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ತಿಥಿ ಆಗ್ಲಿ ಅಂದ್ಕೊಂಡೆ. ಆಮೇಲೆ ಹೇಳೋ ಹಾಗೇ ಇರ್ಲಿಲ್ಲ."

"ಅಜ್ಜಿ ನನ್ನ ಅಂದ ಒಂದೊಂದು ಮಾತೂ ನಿನ್ನ ಕಿವಿಗೆ ಬೀಳ್ತಿತ್ತು. ಒಲೆ ಕಡೆ ತಿರುಗ್ಕೊಂಡು ನಿಂತಿರ್ತಿದ್ದೆ ನೀನು."

"ಮಗು ಅಲ್ವಾ, ನಿನ್ನ ಬೈದು ಸುಮ್ನಾಗ್ತಾರೆ ಅಂದ್ಕೊಂಡೆ. ನನ್ನಾದ್ರೆ ಮನೆ ಬಿಟ್ಟು ಓಡಿಸ್ತಿದ್ರು. ನಿನ್ನ ಕಟ್ಕೊಂಡು ನಾನೆಲ್ಲಿ ಹೋಗ್ಬೇಕಿತ್ತು?"

ಅದರಲ್ಲಿ ನಿಜವೂ ಇತ್ತು. ಹಲ್ಲಕ್ಕನಿಗೆ ಅದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು. "ಅಜ್ಜಿ ಸತ್ತ ಮೇಲೆ?" ಎಂದು ಕೇಳಿದಳು. ಅಮ್ಮ ಎದ್ದು ಒಲೆಯ ಕಡೆ ಹೋದಳು.

ಆಮೇಲೆ ಎಷ್ಟೋ ವಾರ ಆ ಮನೆಯಲ್ಲಿ ಮಾತೆಂದರೆ "ಅನ್ನ ಇದೆ", "ನೀರು ಬಂತು" ಇಷ್ಟೇ. ಹಲ್ಲಕ್ಕ ಕೆಲಸದಲ್ಲಿ ಎಂದೂ ಮಾಡದ ತಪ್ಪು ಮಾಡಿದಳು. ಒಬ್ಬರ ಮೇಲಿನ ದವಡೆಗೆ ಇನ್ನೊಬ್ಬರ ಕೆಳಗಿನದನ್ನು ಜೋಡಿಸಿ ಕೊಟ್ಟಳು. ಡಾಕ್ಟರು ಬೈಯಲಿಲ್ಲ, ಎರಡು ದಿನ ರಜೆ ಹಾಕು ಎಂದರು. ರಜೆಯಲ್ಲಿ ಅವಳು ಕಂಡಕ್ಟರ್ ತಾತನ ಮನೆಗೆ ಹೋದಳು. ಬೆರಳು ಹಿಡಿದ ಕಥೆಯನ್ನು ಮತ್ತೆ ಹೇಳಿಸಿದಳು. ಯಾವ ಬೆರಳು, ಬಲಗೈಯದೋ ಎಡಗೈಯದೋ ಎಂದು ಕೇಳಿದಳು. ಅದು ಪಾಪ ತಾತನಿಗೆ ಹೇಗೆ ಗೊತ್ತಿರಬೇಕು? ನೆನಪಿದ್ದಷ್ಟು ಹೇಳಿದ, ಇಲ್ಲದ್ದನ್ನು ಸೇರಿಸಲಿಲ್ಲ.

ಒಂದು ಸಂಜೆ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ನನ್ನನ್ನೂ ಆ ಕಂಡಕ್ಟರ ಹತ್ರ ಕರ್ಕೊಂಡು ಹೋಗು" ಎಂದಳು.

ಕಂಡಕ್ಟರ್ ತಾತ ಜಗುಲಿಯಲ್ಲಿ ಕುರ್ಚಿ ಹಾಕಿಸಿದ. ಅಮ್ಮ ಕೂರಲಿಲ್ಲ. ಕಂಬ ಹಿಡಿದು ನಿಂತು ಒಂದೇ ಮಾತು ಕೇಳಿದಳು.

"ಬಸ್ಸಲ್ಲಿ ಅವರು ಮುಖ ಗಂಟು ಹಾಕ್ಕೊಂಡಿದ್ರಾ?"

ತಾತನಿಗೆ ಅರ್ಥವಾಗಲಿಲ್ಲ. ಅಮ್ಮ ಮಗಳ ಕಡೆ ನೋಡದೆ ಮಾತು ಮುಂದುವರಿಸಿದಳು. "ನಾನು ರೇಗಿದ್ದೆ. ನೋವಲ್ಲಿದ್ದೆ ನೋಡಿ. 'ಒಂದು ದಿಂಬು ತರೋ ಯೋಗ್ಯತೆ ಇಲ್ವಾ ನಿಮಗೆ' ಅಂದ್ಬಿಟ್ಟೆ. ಅವರು ಏನೂ ಅನ್ನದೆ ಎದ್ದು ಹೋದ್ರು. ಅದೇ ಕೊನೇ ಮಾತು."

"ಗಂಟೆಲ್ಲಿ ಬಂತು ತಾಯಿ? ಹಲ್ಲು ಬಿಟ್ಕೊಂಡು ನಗ್ತಿದ್ದ" ಎಂದ ತಾತ. "ಟಿಕೆಟ್ ಕೊಡೋಕೂ ಬಿಡ್ಲಿಲ್ಲ, ಅಷ್ಟು ಮಾತು."

ಅಮ್ಮ ಆಗ ಕೂತಳು. ಕುರ್ಚಿಯ ಮೇಲಲ್ಲ, ಅಲ್ಲೇ ಮೆಟ್ಟಿಲ ಮೇಲೆ. ಹಲ್ಲಕ್ಕ ನಿಂತಲ್ಲೇ ನಿಂತಿದ್ದಳು. ಅಮ್ಮ ಅಜ್ಜಿಗೆ ಹೆದರಿದ್ದಳೆಂದು ಅವಳು ನಂಬಿದ್ದಳು. ಸತ್ತವನು ತನ್ನ ಮೇಲೆ ಮುನಿಸಿಕೊಂಡೇ ಸತ್ತ ಎಂದು ಈ ಹೆಂಗಸು ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡು ಬದುಕಿದ್ದಾಳೆಂಬುದು ಅವಳ ಊಹೆಗೂ ಬಂದಿರಲಿಲ್ಲ. ತಾನು ಯಾರ ಮೇಲೆ ಸಿಟ್ಟಾಗಿದ್ದೇನೆ ಎಂಬುದೇ ಒಂದು ಗಳಿಗೆ ಅವಳಿಗೆ ತಿಳಿಯದಾಯಿತು.

ಮರುವರ್ಷ ಆ ದಿನ ಹಲ್ಲಕ್ಕ ಮೊದಲ ಸಲ ತಾನಾಗಿಯೇ ಹೊಳೆದಂಡೆಗೆ ಹೋದಳು. ಅಮ್ಮನೂ ಜೊತೆಗಿದ್ದಳು. ಮೈಕು ಹಿಡಿದವರು ಹೆಸರುಗಳನ್ನು ಓದುತ್ತ ಓದುತ್ತ ಬೋರ್ಡ್ ಬರೆಯುವವನ ಹೆಸರಿಗೆ ಬಂದು, ದನಿ ತಗ್ಗಿಸಿ, "ಮಗಳ ಮುಖವನ್ನೂ ನೋಡದೆ..." ಎಂದರು. ಹಲ್ಲಕ್ಕ ಎದ್ದು ನಿಂತಳು.

"ನೋಡಿದ್ರು" ಎಂದಳು. ಮೈಕಿಲ್ಲದೆಯೂ ಅದು ಎಲ್ಲರಿಗೂ ಕೇಳಿಸಿತು. "ನಮ್ಮಪ್ಪ ನನ್ನ ನೋಡಿದ್ರು. ಎತ್ಕೊಂಡಿದ್ರು."

ಮುಂದಿನ ಸಾಲಿನಲ್ಲಿದ್ದ ಹಳೆಯ ಮೇಷ್ಟ್ರು ತಿರುಗಿ, "ಹಾಗಾದ್ರೆ ಸೇತುವೆ ಮೇಲೆ ಎಲ್ಲಿಗೆ ಹೊರಟಿದ್ದ ಮಾರಾಯ್ತಿ?" ಎಂದು ಕೇಳಿಯೇಬಿಟ್ಟರು.

ಪಕ್ಕದಲ್ಲಿ ಅಮ್ಮ ಉಸಿರು ಹಿಡಿದು ಕೂತಿದ್ದಳು.

"ಮನೆಗೆ" ಎಂದಳು ಹಲ್ಲಕ್ಕ, ಮತ್ತು ಕೂತಳು. ಮೈಕು ಹಿಡಿದವರು ಗಂಟಲು ಸರಿಮಾಡಿಕೊಂಡು ಮುಂದಿನ ಹೆಸರಿಗೆ ಹೋದರು.

ಅವಳು ಅಮ್ಮನನ್ನು ಪೂರ್ತಿ ಕ್ಷಮಿಸಿಲ್ಲ. ಅದನ್ನು ಅವಳೇ ಹೇಳುತ್ತಾಳೆ. ಸಾರಿಗೆ ಉಪ್ಪು ಹಾಕುವಾಗಲೋ ಬಟ್ಟೆ ಮಡಿಸುವಾಗಲೋ ಇದ್ದಕ್ಕಿದ್ದಂತೆ ಹಳೆಯದೆಲ್ಲ ನುಗ್ಗಿ ಬಂದು ಅಮ್ಮನ ಮೇಲೆ ಹರಿಹಾಯುತ್ತಾಳೆ. ಅಮ್ಮ ಈಗ ಒಲೆಯ ಕಡೆ ತಿರುಗಿಕೊಳ್ಳುವುದಿಲ್ಲ. ಎದುರಿಗೇ ಕೂತು, ಮುಗಿಯುವವರೆಗೂ ಕೇಳಿಸಿಕೊಳ್ಳುತ್ತಾಳೆ.