ಪರದೆಯ ಮೇಲೆ ಇಲ್ಲದ ಮುದ್ದೇಬಿಹಾಳ

ನಮ್ಮ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನ ಪರದೆಯ ಮೇಲೆ ಜೋಡಿಸಿದವಳು ನಾನು. ಅದರಲ್ಲಿ ಸ್ವಂತ ಅಕ್ಕನ ಮಗಳನ್ನು ತೋರಿಸಲಿಲ್ಲ. ತೋರಿಸಬೇಕೆಂದು ಗೊತ್ತಿತ್ತು, ಹೇಗೆ ತೋರಿಸಬೇಕೆಂಬುದೂ ಗೊತ್ತಿತ್ತು. ಮರೆವಿನ ಮೇಲೆ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ.

ನಾನು ಕಲಿತದ್ದು ಏಳನೆಯ ಇಯತ್ತೆ. ಕಂಪ್ಯೂಟರ್ ಕಲಿತದ್ದು ಸಿಂದಗಿಯಲ್ಲಿ, ಗಂಡನ ಲಗ್ನಪತ್ರಿಕೆಯ ಅಂಗಡಿಯಲ್ಲಿ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಗಂಡ ಊರೂರು ತಿರುಗಿ ಕೆಲಸ ಹಿಡಿದು ತರುತ್ತಿದ್ದರು; ಕೂತು ಅಕ್ಷರ ಜೋಡಿಸುವವಳು ನಾನು. ಪತ್ರಿಕೆಯಲ್ಲಿ ಸೋದರಮಾವನ ಹೆಸರು ಎಲ್ಲಿ ಬಂದರೆ ಜಗಳ ಹುಟ್ಟುವುದಿಲ್ಲ, ಸತ್ತ ಹಿರಿಯರ ಹೆಸರು ಎಷ್ಟು ದಪ್ಪ ಇರಬೇಕು, ಇದನ್ನೆಲ್ಲ ಜನ ನನ್ನನ್ನೇ ಕೇಳುತ್ತಿದ್ದರು.

ಇಂಡಿಯಲ್ಲಿ ನಿಂಬೆ ತೋಟ ಇದ್ದ ಕಾಕಾ, ಅಂದರೆ ಅಪ್ಪನ ತಮ್ಮ, ಅಪ್ಪ ತೀರಿದ ಮೇಲೆ ನಮಗೆಲ್ಲ ಹಿರಿಯರು. ಅವರು ಒಂದು ದಿನ ಪುಣೆಯ ಪರಿಚಯದವರಿಂದ ವಂಶವೃಕ್ಷದ ಸಾಫ್ಟ್‌ವೇರ್ ಇರುವ ಸಿ.ಡಿ. ತಂದು ನನ್ನ ಮುಂದೆ ಇಟ್ಟರು. ಬಸವನ ಬಾಗೇವಾಡಿಯಲ್ಲಿ ಅಣ್ಣ ಹೊಸ ಮನೆ ಕಟ್ಟಿಸಿದ್ದ. ವಾಸ್ತುಶಾಂತಿಯ ದಿನ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟು ಎಲ್ಲರಿಗೂ ಮನೆತನ ತೋರಿಸಬೇಕೆಂದು ಅವರ ಆಸೆ.

"ಹಾಳಿಮ್ಯಾಲ ಬರದ್ರ ಇಲಿ ತಿಂತಾವ. ನಮ್ಮ ಹಿರ್ಯಾರ್ನೆಲ್ಲಾ ಈ ಡಬ್ಬಿಯೊಳಗ ಹಾಕ ಮಗಳ."

"ಹಾಕ್ತೇನ್ರಿ ಕಾಕಾ. ನಿಮ್ಮನ್ನೂ ಹಾಕ್ತೇನಿ, ಆಮ್ಯಾಲ ಹೊರಗ ಬಿಡು ಅನ್ನಬ್ಯಾಡ್ರಿ."

ಸಾಫ್ಟ್‌ವೇರ್ ತೆರೆದಾಗ ಪರದೆ ಇದ್ದ ರೀತಿ ನನಗೆ ಸೇರಲಿಲ್ಲ. ನಡುವೆ ಒಬ್ಬ ಮನುಷ್ಯ, ಮೇಲೆ ತಂದೆತಾಯಿ, ಪಕ್ಕದಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳ ಪಟ್ಟಿ ಮಾತ್ರ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ. ಬಲಗಡೆಯ ಜಾಗವನ್ನೆಲ್ಲ ಫೋಟೋ ಹಾಕುವ ಖಾಲಿ ಚೌಕವೇ ನುಂಗಿತ್ತು. ನಮ್ಮ ಹಿರಿಯರು ಯಾವಾಗ ಫೋಟೋ ತೆಗೆಸಿಕೊಂಡಿದ್ದರು? ಆ ಚೌಕವನ್ನು ಮುಚ್ಚಿದೆ. ನಡುವಿನ ಗೆರೆಯನ್ನು ಮೌಸಿನಿಂದ ಹಿಡಿದು ಎಳೆದರೆ ಒಂದು ಭಾಗ ಹಿಗ್ಗಿ ಇನ್ನೊಂದು ಕುಗ್ಗುತ್ತಿತ್ತು. ಮಕ್ಕಳ ಪಟ್ಟಿಯನ್ನು ಬಲಗಡೆಗೆ ತಂದು ಅಕ್ಷರ ದೊಡ್ಡದು ಮಾಡಿದೆ. ಗೋಡೆಗೆ ಒರಗಿ ಕೂತ ಮುದುಕರಿಗೂ ಕಾಣಬೇಕಲ್ಲ. ಕನ್ನಡ ಹೊಡೆದರೆ ಮೊದಮೊದಲು ಗೀಟು, ಚುಕ್ಕೆ, ಅರ್ಥವಿಲ್ಲದ ಗುರುತುಗಳೇ ಬಂದವು. ಪ್ರತಿಯೊಂದು ಭಾಗಕ್ಕೂ ಬೇರೆಬೇರೆಯಾಗಿ ನಮ್ಮ ಲಗ್ನಪತ್ರಿಕೆಯ ಅಕ್ಷರ ಕೊಟ್ಟ ಮೇಲೆ ಹೆಸರುಗಳು ಓದಲು ಬಂದವು. ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಯಾವ ಪಟ್ಟಿಯ ಎಷ್ಟನೆಯ ಸಾಲು ಒತ್ತಿದರೆ ಏನಾಗುತ್ತದೆಂದು ಗುರುತಿಟ್ಟುಕೊಂಡಿದ್ದೆ, ಅಷ್ಟೆ.

ಹೆಸರಿನ ಪಕ್ಕದಲ್ಲಿ ಹುಟ್ಟಿದ ದಿನ ಬರೆಯುವ ಕಾಲಂ ಇತ್ತು. ನಮ್ಮ ಹಳಬರಲ್ಲಿ ಹುಟ್ಟಿದ ದಿನ ಯಾರಿಗೆ ಗೊತ್ತು? ಅದನ್ನು ತೆಗೆದು ಅಲ್ಲಿ ಊರಿನ ಕಾಲಂ ತಂದೆ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರಿನವರು ಬಹಳ ಜನ. ಅವರನ್ನು ಊರಿನಿಂದಲೇ ಗುರುತಿಸಬೇಕು. ಕೊಟ್ಟ ಹೆಣ್ಣುಮಕ್ಕಳಿಗಂತೂ ಊರೇ ಹೆಸರು. ತವರಿನಲ್ಲಿ ನಾನು ಸಿಂದಗಿಯವಳು, ಅಕ್ಕ ಮುದ್ದೇಬಿಹಾಳದವಳು. ಸಾಫ್ಟ್‌ವೇರ್ ಮಾಡಿದವರಿಗೆ ಹೊಳೆಯದ್ದು ನನಗೆ ಹೊಳೆಯಿತು. ಆ ಹೆಮ್ಮೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ.

ಅಕ್ಕನನ್ನು ಮೊದಲು ಕೊಟ್ಟದ್ದು ಝಳಕಿಗೆ. ಲಗ್ನವಾದ ಮರುವರ್ಷವೇ ಗಂಡ ತೀರಿದ, ಮಕ್ಕಳಾಗಿರಲಿಲ್ಲ. ಆಮೇಲೆ ಅಪ್ಪನೇ ಮುಂದೆ ನಿಂತು ಮುದ್ದೇಬಿಹಾಳದ ದರ್ಜಿಯೊಬ್ಬರಿಗೆ ಉಡಿಕೆ ಮಾಡಿಕೊಟ್ಟ. ಉಡಿಕೆ ಎಂದರೆ ಗಂಡ ಸತ್ತವಳ ಎರಡನೆಯ ಮದುವೆ. ನಮ್ಮಲ್ಲಿ ಅದು ನಡೆಯುತ್ತದೆ, ತಪ್ಪೆಂದು ಯಾರೂ ಅನ್ನುವುದಿಲ್ಲ. ಆದರೆ ಬಾಜಾ ಇಲ್ಲ, ಹಂದರ ಇಲ್ಲ; ಹೊಸ ಸೀರೆ ಉಡಿಸಿ ನಾಲ್ಕು ಜನರ ಮುಂದೆ ಮುಗಿಸುತ್ತಾರೆ. ಉಡಿಕೆಯಾದವಳನ್ನು ಮುಂದೆ ಯಾರ ಲಗ್ನದಲ್ಲೂ ಆರತಿ ಹಿಡಿಯಲು ಕರೆಯುವುದಿಲ್ಲ. ಊಟಕ್ಕೆ ಕರೆಯುತ್ತಾರೆ.

ನಾನು ಜೋಡಿಸಿದ್ದನ್ನು ನೋಡಲು ಬಂದ ಕಾಕಾ, ಅಕ್ಕನ ಹೆಸರು ಬಂದಾಗ ಕನ್ನಡಕ ಸರಿಮಾಡಿಕೊಂಡರು. ಅವಳ ಪಕ್ಕದಲ್ಲಿ ಇಬ್ಬರು ಗಂಡಂದಿರು ಕಾಣುತ್ತಿದ್ದರು, ಬಲಗಡೆ ಮಗಳು.

"ಇದನ್ಯಾಕ ಹೊಡದಿ?"

"ಇದ್ದದ್ದ ಹೊಡದೇನ್ರಿ."

"ಇದ್ದದ್ದೆಲ್ಲಾ ಪಡಸಾಲ್ಯಾಗ ತಂದಿಡತಾರೇನ? ನಿಮ್ಮಣ್ಣನ ಬೀಗರು ಬರ್ತಾರ. ಬರೇ ಝಳಕಿ ಇರ್ಲಿ."

ನಾನು ಆಗುವುದಿಲ್ಲ ಎನ್ನಬಹುದಿತ್ತು. ಅಂಗಡಿ ನಮ್ಮದು, ಮೌಸು ನನ್ನ ಕೈಯಲ್ಲಿತ್ತು. ಆದರೆ ಬಾಗೇವಾಡಿಯಲ್ಲಿ ಎಲ್ಲರೂ ನನ್ನ ಕೆಲಸವನ್ನು ಹೊಗಳಬೇಕು, ಏಳನೆಯ ಇಯತ್ತೆಯವಳು ಇಷ್ಟು ಮಾಡಿದಳೇ ಎಂದು ಬೀಗರ ಮುಂದೆ ಕಾಕಾ ಹೇಳಬೇಕು, ಆ ಹೊತ್ತಿಗೆ ನನಗೆ ಬೇಕಿದ್ದದ್ದು ಅದೇ. ಯಾರನ್ನಾದರೂ ಅಳಿಸದೆ ಮರೆಮಾಡುವ ಗುರುತೊಂದು ಆ ಸಾಫ್ಟ್‌ವೇರಿನಲ್ಲಿತ್ತು. ದರ್ಜಿಗೂ ಅವರ ಮಗಳಿಗೂ ಆ ಗುರುತು ಹಾಕಿದೆ. ಇಬ್ಬರೂ ಪರದೆಯಿಂದ ಹೋದರು. ಅಕ್ಕನ ಊರಿನ ಕಾಲಂನಲ್ಲಿ ಝಳಕಿ ಎಂದು ಹೊಡೆದೆ. ತೆರಪು ಕಾಣದಂತೆ ಗೆರೆಯನ್ನೂ ಎಳೆದು ಸರಿಮಾಡಿದೆ. ಅಳಿಸಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಾಸ್ತುಶಾಂತಿಯ ದಿನ ಮಕ್ಕಳೆಲ್ಲ ಪರದೆಗೆ ಮುತ್ತಿಗೆ ಹಾಕಿದರು. ಪ್ರತಿಯೊಬ್ಬರೂ ತಮ್ಮ ಹೆಸರು ಬಂದ ಕೂಡಲೇ ಕೂಗಿ ಗಾಜಿನ ಮೇಲೆ ಬೆರಳು ಒತ್ತುತ್ತಿದ್ದರು. ಅಕ್ಕನ ಮಗಳು ಆಗ ನಾಲ್ಕನೆಯ ಇಯತ್ತೆ. ಅಕ್ಕನ ಹೆಸರು ಬಂತು, ಹೋಯಿತು.

"ಚಿಗವ್ವಾ, ನಂದೆಲ್ಲೈತಿ?"

"ಈ ಮಷಿನಿನ್ಯಾಗ ಒಬ್ಬಾಕಿಗೆ ಒಂದ ಲಗ್ನದಷ್ಟ ಜಾಗಾ ಐತವಾ. ನಿಮ್ಮದು ಹಿಡಿಲಿಲ್ಲ."

ಹಿಂದೆ ನಿಂತಿದ್ದ ಅಕ್ಕ ಪರದೆ ಓದುತ್ತಿದ್ದಳು. "ನಾ ಇನ್ನೂ ಝಳಕ್ಯಾಗ ಕುಂತೇನೇನ?" ಅಂದಳು.

ಅಷ್ಟರಲ್ಲಿ ಅಣ್ಣ ಮುತ್ಯಾನನ್ನು, ಅಂದರೆ ನಮ್ಮ ಅಜ್ಜನನ್ನು, ತೋರಿಸು ಎಂದ. ಒತ್ತಿದೆ. ಮುತ್ಯಾನ ಪಕ್ಕದಲ್ಲಿ ಅವನ ಇಬ್ಬರು ಹೆಂಡಿರು, ಇಬ್ಬರ ಮಕ್ಕಳು, ಎಲ್ಲರ ಊರು, ನಾನೇ ಮಾಡಿದ ದೊಡ್ಡ ಅಕ್ಷರದಲ್ಲಿ ಬಂದು ನಿಂತರು.

"ನಿನ್ನ ಮಷಿನ್ ಶ್ಯಾಣ್ಯಾ ಐತಿ ಬಿಡು," ಅಂದಳು ಅಕ್ಕ. "ಗಂಡಸ್ರ ಮಾರಿ ನೋಡಿ ಜಾಗಾ ಹೆಚ್ಚ ಕೊಡತೈತಿ."

ಸುತ್ತಲಿದ್ದ ಹೆಂಗಸರು ನಕ್ಕರು. ಅಕ್ಕ ಮಗಳ ಕೈ ಹಿಡಿದುಕೊಂಡು ಊಟದ ಪಂಕ್ತಿಗೆ ಹೋದಳು. ಅವಳಿಗೆ ಎಲ್ಲ ತಿಳಿದಿತ್ತು. ನನ್ನ ಮಾತು ನಂಬಿದವಳು ಹುಡುಗಿ ಒಬ್ಬಳೇ.

ಅದಾದ ಮೇಲೆ ಅಕ್ಕ ಮೊದಲಿನಂತೆ ಫೋನ್ ಮಾಡುವುದನ್ನು ಬಿಟ್ಟಳು. ಮಳೆಗಾಲ ಕಳೆದ ಮೇಲೆ ನಾನೇ ಮಾಡಿದೆ. ಅವಳು ಸುತ್ತಿಬಳಸಿ ಮಾತಾಡುವವಳಲ್ಲ.

"ನನಗ ಏನರೆ ಅನ್ನು, ರೂಢಿ ಐತಿ. ನಿನ್ನ ಮಾತ ಕೇಳಿದಾಗಿಂದ ನನ್ನ ಮಗಳು, ಅವ್ವಾ ನಾ ಮುತ್ಯಾನ ಮನಿಯಾಕಿ ಅಲ್ಲೇನು ಅಂತ ಕೇಳ್ತಾಳ. ಏನ ಹೇಳ್ಲಿ?"

"ಸೂಟಿಗೆ ಕರಕೊಂಡ ಬಾ ಅಕ್ಕಾ."

"ಯಾಕ, ದೊಡ್ಡ ಮಷಿನ್ ತಂದಿಯೇನ?"

ಫೋನ್ ಇಟ್ಟ ಕೂಡಲೇ ಇಂಡಿಗೆ ಹಚ್ಚಿದೆ. "ಕಾಕಾ, ಅಕ್ಕನ ಮನಿ ತೋರ್ಸಾಕತ್ತೇನ್ರಿ. ನಿಮಗ ಸೇರದಿದ್ರ ಬ್ಯಾರೆ ಕಡೆ ಮಾಡಿಸ್ರಿ."

ಕಾಕಾ ಗೊಣಗಿದರು: "ಬ್ಯಾರೆ ಯಾರಿಗೆ ಬರತೈತಿ ಅದು?"

ಇಷ್ಟೇ ಧೈರ್ಯ ಅಂದೇ ಮಾಡಬಹುದಿತ್ತು.

ದೀಪಾವಳಿ ಸೂಟಿಯಲ್ಲಿ ತಾಳಿಕೋಟೆಯ ಮೇಲಿನಿಂದ ಬರುವ ಬಸ್ಸಿಗೆ ಇಬ್ಬರೂ ಬಂದರು. ಅಕ್ಕನ ಊರನ್ನು ಅವರು ಬರುವ ಮೊದಲೇ ತಿದ್ದಿದ್ದೆ. ಮರೆಯ ಗುರುತು ತೆಗೆಯುವುದನ್ನು ಹುಡುಗಿಯ ಕೈಯಿಂದಲೇ ಮಾಡಿಸಬೇಕೆಂದು ಅವಳನ್ನು ನನ್ನ ಕುರ್ಚಿಯ ಮೇಲೆ ಕೂರಿಸಿ ಮೌಸು ಕೊಟ್ಟೆ. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಒತ್ತಿದಳು. ಅಕ್ಕನ ಪಕ್ಕದಲ್ಲಿ ಹುಡುಗಿಯ ಅಪ್ಪ ಬಂದ, ಬಲಗಡೆ ಅವಳ ಹೆಸರು, ಪಕ್ಕದಲ್ಲಿ ಮುದ್ದೇಬಿಹಾಳ. ಪಡಸಾಲೆಯಲ್ಲಿ ಉಳಿದ ಮಕ್ಕಳು ಕೂಗಿದಂತೆ ಇವಳು ಕೂಗಲಿಲ್ಲ. ಪರದೆಯನ್ನೂ ತನ್ನ ಬೆರಳನ್ನೂ ನೋಡಿದಳು.

"ಇಷ್ಟ ಏನ? ಹಂಗಾರ ಜಾಗಾ ಮೊದ್ಲ ಇತ್ತಲ್ಲ ಚಿಗವ್ವಾ?"

ಅಂಗಡಿಯಲ್ಲಿ ಪತ್ರಿಕೆ ಮಾಡಿಸಲು ಬಂದ ಅಪರಿಚಿತರಿಬ್ಬರು ಕೂತಿದ್ದರು. ಹೊಸ ಸಿ.ಡಿ. ಹಾಕಿದೆ ಎಂಬ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಹುಡುಗಿಯ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಹೌದವಾ, ಜಾಗಾ ಮೊದ್ಲ ಇತ್ತು. ಮಷಿನಿಂದೇನೂ ತಪ್ಪಿಲ್ಲ. ಮಂದಿಗೆ ಅಂಜಿ, ಹೊಗಳಿಕಿ ಆಸೆಕ್ಕ ನಿನ್ನ ಹೆಸರು ನಾನ ಮುಚ್ಚಿಟ್ಟೆ, ಆಮ್ಯಾಲ ನಿನ್ನ ಮುಂದ ಸುಳ್ಳ ಹೇಳಿದೆ. ನೀ ಮುತ್ಯಾನ ಮನಿಯಾಕಿನ. ನಂದು ತಪ್ಪಾತು ನನ್ನವ್ವಾ. ಅಕ್ಕಾ, ನಿನಗೂ ಹೇಳ್ತೇನಿ, ತಪ್ಪಾತು."