ನಾನು ನೋಡದ ಎಣ್ಣೆ

ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಠಾಣೆಯ ನೌಪಾಡಾದ ಗ್ಯಾರೇಜು. ಮೆಕ್ಯಾನಿಕ್ ನನ್ನ ಸ್ಕೂಟರಿನ ಇಂಜಿನ್ ಬಿಚ್ಚಿದಾಗ ಸುಟ್ಟ ಎಣ್ಣೆಯ ವಾಸನೆ ಬಂತು. “ತೇಲ್ ದೇಖಾ ನಹೀ ಥಾ ಕ್ಯಾ, ಮ್ಯಾಡಮ್?” ಎಂದ. ಎಣ್ಣೆ ನೋಡಿರಲಿಲ್ಲವೇ ಎಂದು ಕೇಳಿದ್ದು.

ನಾನು ಚಿಕ್ಕವಳಿದ್ದು, ನಾವು ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿದ್ದಾಗ ಅಪ್ಪನ ಮೋಟರ್‌ಸೈಕಲ್ಲಿಗೆ ಪ್ರತಿ ಭಾನುವಾರ ಎಣ್ಣೆ ನೋಡುವ ಕೆಲಸ ನನ್ನದು. ಮುಚ್ಚಳದ ಕಡ್ಡಿ ಒರೆಸಿ, ಅದ್ದಿ, ಎಣ್ಣೆ ಗೀಟು ಮುಟ್ಟಿದೆಯೇ ಎಂದು ಹೇಳಬೇಕು. ಅಪ್ಪ ಇಂಜಿನ್ ಬೆಚ್ಚಗಾಗುವವರೆಗೆ ಗೇರ್ ಹಾಕುತ್ತಿರಲಿಲ್ಲ. ಹೀಗೆ ನೋಡಿಕೊಂಡರೆ ಅದು ಇಪ್ಪತ್ತು ವರ್ಷ ಬಾಳುತ್ತದೆಂದು ನಂಬಿದ್ದರು.

ಒಂದು ಭಾನುವಾರ ನಾನು ರಷ್ಯಾದ ಕಥೆಗಳ ಕನ್ನಡ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಎಣ್ಣಿ ನೋಡಿದೇನವಾ?”

“ನೋಡೇನ್ರಿ ಅಪ್ಪಾ, ಗೀಟಿನ ಮಟಾ ಐತಿ.”

ಇಬ್ಬರೂ ಠಾಣೆಗೆ ಹೊರಟೆವು. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆಯ ಮೇಲೆ ಇಂಜಿನ್ ಕಟಕಟ ಎನ್ನತೊಡಗಿತು. ಹಿಂದೆ ಕೂತಿದ್ದ ನನ್ನ ಕಾಲಿಗೆ ಬಿಸಿ ತಾಗುತ್ತಿತ್ತು. ಹೇಳಿಬಿಡಬೇಕೆನಿಸಿತು; ಕಾಲನ್ನಷ್ಟೇ ದೂರ ಸರಿಸಿಕೊಂಡೆ. ಎಣ್ಣೆಯಿಲ್ಲದ ಇಂಜಿನ್ ತಿರುಗದಂತೆ ಹಿಡಿದುಕೊಂಡು ಹಿಂದಿನ ಚಕ್ರ ಜಾರಿತು. ಬೆನ್ನಿಗೇ ಬರುತ್ತಿದ್ದ ಲಾರಿ ಒಂದು ಮಾರು ದೂರದಲ್ಲಿ ನಿಂತಿತು.

ಅಪ್ಪ ಗಾಡಿಯನ್ನು ಮನೆಯವರೆಗೂ ತಳ್ಳಿಕೊಂಡು ಬಂದರು. ಹಿಂದಿನ ದಿನ ಅದನ್ನು ಕೇಳಿ ಒಯ್ದಿದ್ದ, ನಮ್ಮ ಚಾಳಿನ ಪಕ್ಕದ ಖೋಲಿಯ ಶೆಟ್ಟಿ ಮಾಮನ ಬಾಗಿಲಿಗೆ ನೇರ ಹೋದರು.

“ಭಿವಂಡಿ ತನಕ ಎಳದೆಳದು ಓಡಿಸಿ ಇಂಜಿನ್ ಕೆಡಿಸೀರಿ. ನನ್ನ ಮಗಳು ಎಣ್ಣಿ ನೋಡ್ಯಾಳ. ಆಕಿ ಸುಳ್ಳು ಹೇಳಂಗಿಲ್ಲ.”

“ನಾನು ಮೆಲ್ಲಗೇ ಓಡಿಸಿದ್ದು ಮಾರಾಯ್ರೆ,” ಎಂದರು ಮಾಮ, ನನ್ನನ್ನೇ ನೋಡುತ್ತ.

ನಾನು ಪುಸ್ತಕ ತೆರೆದೆ.

ಅವರಿಬ್ಬರೂ ಇಂದಿಗೂ ಮಾತಾಡುವುದಿಲ್ಲ. ಇಂದು ಸಂಜೆಯ ಲೋಕಲ್ ರೈಲು ಹಿಡಿದು, ಇಬ್ಬರೂ ಈಗಿರುವ ಡೊಂಬಿವಲಿಗೆ ಹೋಗಿ ಮೊದಲು ಅಪ್ಪನಿಗೆ, ಆಮೇಲೆ ಮಾಮನಿಗೆ ನಿಜ ಹೇಳುವುದೆಂದು ತೀರ್ಮಾನಿಸಿದ್ದೇನೆ.